ಆರ್ಥರ್ ಆ್ಯಶ್: ಸ್ಟೇಡಿಯಂ ಹೆಸರಿನ ಹಿಂದಿರುವ ಏಳು ಸಂಗತಿಗಳು

ಆಗಸ್ಟ್ ಮುಗಿದು ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ಟಿವಿಯಲ್ಲಿ ಒಂದು ಹೆಸರು ಪದೇ ಪದೇ ಕಿವಿಗೆ ಬೀಳುತ್ತೆ. ಆರ್ಥರ್ ಆ್ಯಶ್ ಸ್ಟೇಡಿಯಂ. ನ್ಯೂಯಾರ್ಕ್‌ನಲ್ಲಿ ಯುಎಸ್ ಓಪನ್ ಫೈನಲ್ ನಡೆಯುವ ಜಾಗ. 23 ಸಾವಿರಕ್ಕೂ ಹೆಚ್ಚು ಜನ ಕೂತು ನೋಡಬಹುದಾದ, ಜಗತ್ತಿನ ಅತಿ ದೊಡ್ಡ ಟೆನಿಸ್ ಸ್ಟೇಡಿಯಂ. ಜೊಕೊವಿಚ್ ಅಲ್ಲಿ ಗೆದ್ರು, ಅಲ್ಕರಾಜ್ ಅಲ್ಲಿ ಗೆದ್ರು ಅಂತ ನಮಗೆ ಗೊತ್ತು. ಆದ್ರೆ ಆ ಆರ್ಥರ್ ಆ್ಯಶ್ ಯಾರು?

ಬರೀ ದಾಖಲೆ ಪುಸ್ತಕ ತೆಗೆದು ನೋಡಿದ್ರೆ ಉತ್ತರ ಸಿಗಲ್ಲ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಮೂರೇ ಮೂರು. 1968ರ ಯುಎಸ್ ಓಪನ್, 1970ರ ಆಸ್ಟ್ರೇಲಿಯನ್ ಓಪನ್, 1975ರ ವಿಂಬಲ್ಡನ್. ಈ ಮೂರನ್ನೂ ಗೆದ್ದ ಕಪ್ಪು ವರ್ಣೀಯ ಪುರುಷ ಆಟಗಾರ ಇವತ್ತಿಗೂ ಅವರೊಬ್ಬರೇ, ನಿಜ. ಆದ್ರೂ ಜಿಮ್ಮಿ ಕಾನರ್ಸ್ ಯುಎಸ್ ಓಪನ್ ಅನ್ನ ಐದು ಸಲ ಗೆದ್ದವರು. 1997ರಲ್ಲಿ ಹೊಸ ಸ್ಟೇಡಿಯಂ ಕಟ್ಟಿ ನಿಲ್ಲಿಸಿದಾಗ ಇಟ್ಟಿದ್ದು ಐದು ಸಲ ಗೆದ್ದವರ ಹೆಸರಲ್ಲ, ಒಂದು ಸಲ ಗೆದ್ದವರದ್ದು. ಯಾಕೆ ಅನ್ನೋದನ್ನ ಇವತ್ತು ಏಳು ಸಂಗತಿಗಳಲ್ಲಿ ನೋಡೋಣ. ಏಳನೇದು ಸ್ವಲ್ಪ ಕಷ್ಟದ್ದು. ಅಲ್ಲೀವರೆಗೂ ಜೊತೇಲಿರಿ.

ಮೊದಲನೇ ಸಂಗತಿ. ಈ ಹುಡುಗ ಬೆಳೆದಿದ್ದೇ ಆಟದ ಮೈದಾನದ ಒಳಗೆ.

1943ರ ಜುಲೈ 10ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಹುಟ್ಟಿದ್ದು. ಆ ಕಾಲಕ್ಕೆ ಅಲ್ಲಿ ಎಲ್ಲವೂ ಬೇರೆ ಬೇರೆ. ಬಿಳಿಯರಿಗೆ ಒಂದು ಶಾಲೆ, ಕಪ್ಪು ಜನರಿಗೆ ಇನ್ನೊಂದು. ಬಸ್ಸಲ್ಲಿ ಸೀಟು ಬೇರೆ, ಪಾರ್ಕು ಬೇರೆ. ಆರ್ಥರ್ ಅವರ ಅಪ್ಪ ಬ್ರೂಕ್ ಫೀಲ್ಡ್ ಅನ್ನೋ ಕಪ್ಪು ಜನರ ಪಾರ್ಕಿನ ಉಸ್ತುವಾರಿ ನೋಡಿಕೊಳ್ತಿದ್ದರು. ಮನೆ ಕೂಡ ಆ ಪಾರ್ಕಿನೊಳಗೇ ಇತ್ತು. ಬಾಗಿಲು ತೆಗೆದು ನಾಲ್ಕು ಹೆಜ್ಜೆ ಹಾಕಿದ್ರೆ ಟೆನಿಸ್ ಕೋರ್ಟ್. ಆರ್ಥರ್‌ಗೆ ಆರು ವರ್ಷ ಇದ್ದಾಗ ಅಮ್ಮ ತೀರಿಕೊಂಡರು. ತೆಳ್ಳಗೆ ಕಡ್ಡಿಯಂತಿದ್ದ ಹುಡುಗ. ಕೈಗೆ ರ‍್ಯಾಕೆಟ್ ಕೊಟ್ಟು ಆಟ ಹೇಳಿಕೊಟ್ಟಿದ್ದು ಅಲ್ಲಿ ಆಡಲು ಬರ್ತಿದ್ದ ರಾನ್ ಚಾರಿಟಿ ಅನ್ನೋ ಯುವಕ.

ಅದೇ ಊರಲ್ಲಿ ಬರ್ಡ್ ಪಾರ್ಕ್ ಅಂತ ಇತ್ತು. ಒಳ್ಳೇ ಕೋರ್ಟುಗಳು, ದೊಡ್ಡ ಟೂರ್ನಿಗಳು ಎಲ್ಲ ಅಲ್ಲೇ. ಆದ್ರೆ ಕಪ್ಪು ಹುಡುಗನಿಗೆ ಅಲ್ಲಿ ಪ್ರವೇಶ ಇಲ್ಲ. ಚಳಿಗಾಲದಲ್ಲಿ ಒಳಾಂಗಣ ಕೋರ್ಟುಗಳಿಗೂ ಪ್ರವೇಶ ಇಲ್ಲ. ಕೊನೆಗೆ 1960ರಲ್ಲಿ, ಹೈಸ್ಕೂಲಿನ ಕೊನೇ ವರ್ಷಕ್ಕೆ, ಊರನ್ನೇ ಬಿಟ್ಟು ಸೇಂಟ್ ಲೂಯಿಸ್‌ಗೆ ಹೋಗಿ ಓದಬೇಕಾಯ್ತು. ಟೆನಿಸ್ ಮುಂದುವರಿಸಬೇಕು ಅಂದ್ರೆ ಬೇರೆ ದಾರಿ ಇರಲಿಲ್ಲ.

ಎರಡನೇ ಸಂಗತಿ. ಗೆರೆಯ ಆಚೆ ಬಿದ್ದ ಚೆಂಡನ್ನೂ ಆಡು ಅಂತ ಹೇಳಿಕೊಟ್ಟ ಗುರು.

ಅವರ ಹೆಸರು ಡಾಕ್ಟರ್ ರಾಬರ್ಟ್ ವಾಲ್ಟರ್ ಜಾನ್ಸನ್. ಲಿಂಚ್‌ಬರ್ಗ್ ಅನ್ನೋ ಊರಿನ ವೈದ್ಯರು. ವಿಂಬಲ್ಡನ್ ಗೆದ್ದ ಮೊದಲ ಕಪ್ಪು ವರ್ಣೀಯ ಆಟಗಾರ್ತಿ ಆಲ್ಥಿಯಾ ಗಿಬ್ಸನ್‌ಗೂ ಇವರೇ ಮಾರ್ಗದರ್ಶನ ಮಾಡಿದ್ದು. ಬೇಸಿಗೆ ರಜೆಯಲ್ಲಿ ಕಪ್ಪು ಮಕ್ಕಳನ್ನ ತಮ್ಮ ಮನೆಯಲ್ಲೇ ಇಟ್ಟುಕೊಂಡು ಟೆನಿಸ್ ಕಲಿಸ್ತಿದ್ದರು. ಅವರ ನಿಯಮಗಳು ವಿಚಿತ್ರವಾಗಿದ್ದವು. ಅಂಪೈರ್ ಜೊತೆ ವಾದ ಮಾಡಬಾರದು. ರ‍್ಯಾಕೆಟ್ ಬಿಸಾಡಬಾರದು. ಎದುರಾಳಿ ಹೊಡೆದ ಚೆಂಡು ಗೆರೆಯಿಂದ ಎರಡು ಇಂಚು ಆಚೆ ಬಿದ್ದರೂ, ಅದು ಒಳಗೇ ಬಿತ್ತು ಅಂದುಕೊಂಡು ಆಡಬೇಕು.

ಯಾಕೆ ಅಂತೀರಾ? ಜೂನಿಯರ್ ಪಂದ್ಯಗಳಲ್ಲಿ ಲೈನ್ ಕಾಲ್ ಹೇಳೋದು ಆಟಗಾರರೇ. ಕಪ್ಪು ಹುಡುಗನೊಬ್ಬ ‘ಔಟ್’ ಅಂತ ಕೂಗಿದ್ರೆ, ಮೋಸ ಮಾಡಿದ ಅನ್ನೋಕೆ ಒಂದು ನೆಪ ಸಿಗುತ್ತೆ. ಆ ನೆಪ ಸಿಕ್ಕರೆ ಮುಂದಿನ ಟೂರ್ನಿಗೆ ಬಾಗಿಲು ಮುಚ್ಚುತ್ತೆ. ಅವನಿಗೆ ಮಾತ್ರ ಅಲ್ಲ, ಅವನ ಹಿಂದೆ ಬರೋ ಎಲ್ಲರಿಗೂ. ಅಂದ್ರೆ ಬೇರೆ ಮಕ್ಕಳು ಆಡಿದ್ದು ಒಂದು ಅಳತೆಯ ಕೋರ್ಟಲ್ಲಿ, ಈ ಮಕ್ಕಳು ಆಡಿದ್ದು ಎರಡು ಇಂಚು ಅಗಲವಾದ ಕೋರ್ಟಲ್ಲಿ.

ಬಾಯಿ ಮುಚ್ಚಿಕೊಂಡಿರೋದನ್ನ ಆ ಹುಡುಗ ಹೀಗೆ ಕಲಿತ. ಇದನ್ನ ನೆನಪಲ್ಲಿ ಇಟ್ಕೊಳ್ಳಿ. ಯಾಕಂದ್ರೆ ಮುಂದಿನ ಕಥೆಯೆಲ್ಲಾ ಅದೇ. ಯಾವಾಗ ಬಾಯಿ ತೆಗೀಬೇಕು, ಯಾವಾಗ ಸುಮ್ಮನಿರಬೇಕು, ಅದನ್ನ ಯಾರು ತೀರ್ಮಾನ ಮಾಡಬೇಕು ಅನ್ನೋದು.

ಮೂರನೇ ಸಂಗತಿ. ಚಾಂಪಿಯನ್‌ಗೆ ಚೆಕ್ ಸಿಗಲಿಲ್ಲ.

ನಾನು ಕಾಮರ್ಸ್ ಓದಿದವನು, ಅಂಕಿ ಕಂಡ್ರೆ ಕಣ್ಣು ಅಲ್ಲೇ ನಿಲ್ಲುತ್ತೆ. ಆ್ಯಶ್ ಕೂಡ ಒಂಥರಾ ನಮ್ಮವರೇ. ಲಾಸ್ ಏಂಜಲಿಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯಕ್ಕೆ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಹೋಗಿ, 1966ರಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಪದವಿ ಪಡೆದರು. ಓದ್ತಿರುವಾಗಲೇ, 1963ರಲ್ಲಿ, ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ವರ್ಣೀಯ ಆಟಗಾರ ಆದರು. ಆಮೇಲೆ ಸೇನೆಗೆ ಸೇರಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಲೆಫ್ಟಿನೆಂಟ್ ಆಗಿ ಕೆಲಸ ಮಾಡ್ತಿದ್ದರು. ಅಲ್ಲಿ ಅವರ ಕೆಲಸ ಏನು ಗೊತ್ತಾ? ಡೇಟಾ ಪ್ರೊಸೆಸಿಂಗ್.

1968. ಹವ್ಯಾಸಿಗಳು, ವೃತ್ತಿಪರರು ಇಬ್ಬರೂ ಒಟ್ಟಿಗೆ ಆಡಬಹುದಾದ ಮೊದಲ ಯುಎಸ್ ಓಪನ್. ಫೈನಲ್‌ನಲ್ಲಿ ಎದುರಾಳಿ ನೆದರ್ಲೆಂಡ್ಸ್‌ನ ಟಾಮ್ ಒಕ್ಕರ್. ಆಗಿನ್ನೂ ಟೈಬ್ರೇಕ್ ಬಂದಿರಲಿಲ್ಲ. ಮೊದಲ ಸೆಟ್ಟೇ 14-12. ಐದು ಸೆಟ್ ಆಡಿ ಆ್ಯಶ್ ಗೆದ್ದರು. ಬಹುಮಾನದ ಮೊತ್ತ 14 ಸಾವಿರ ಡಾಲರ್. ಆ ದುಡ್ಡು ಹೋಗಿದ್ದು ಯಾರಿಗೆ? ಸೋತ ಒಕ್ಕರ್‌ಗೆ!

ಆ್ಯಶ್ ಇನ್ನೂ ಹವ್ಯಾಸಿ ಆಟಗಾರ. ಹವ್ಯಾಸಿಯಾಗಿ ಉಳಿದ್ರೆ ಮಾತ್ರ ಡೇವಿಸ್ ಕಪ್‌ನಲ್ಲಿ ದೇಶಕ್ಕೆ ಆಡಬಹುದಿತ್ತು. ಹಾಗಾಗಿ ಬಹುಮಾನದ ಹಣ ಮುಟ್ಟುವ ಹಾಗಿರಲಿಲ್ಲ. ಅವರಿಗೆ ಸಿಕ್ಕಿದ್ದು ದಿನಕ್ಕೆ 20 ಡಾಲರ್ ಖರ್ಚಿನ ಭತ್ಯೆ. ಒಟ್ಟು 280 ಡಾಲರ್. ಗೆದ್ದವನಿಗೆ 280, ಸೋತವನಿಗೆ 14 ಸಾವಿರ. ಐವತ್ತು ಪಟ್ಟು ವ್ಯತ್ಯಾಸ. ಅದೇ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಾವನ್ನ ಸೋಲಿಸಿ ಅಮೆರಿಕ ಡೇವಿಸ್ ಕಪ್ ಗೆದ್ದಾಗ ಆ್ಯಶ್ ತಂಡದಲ್ಲಿದ್ದರು.

ಇದನ್ನೆಲ್ಲ ಅನುಭವಿಸಿದ ಮನುಷ್ಯ ಮುಂದೆ ಆಟಗಾರರ ಸಂಘ ಕಟ್ಟೋಕೆ ಮುಂದೆ ನಿಂತಿದ್ದು ಆಶ್ಚರ್ಯ ಏನಲ್ಲ. 1972ರಲ್ಲಿ ಎಟಿಪಿ ಶುರುವಾದಾಗ ಅದರ ಸ್ಥಾಪಕರಲ್ಲಿ ಇವರೂ ಒಬ್ಬರು. 1974ರಲ್ಲಿ ಅದರ ಅಧ್ಯಕ್ಷರೂ ಆದರು. ಇವತ್ತು ನಾವು ನೋಡೋ ಎಟಿಪಿ ರ‍್ಯಾಂಕಿಂಗ್, ಎಟಿಪಿ ಟೂರ್ ಎಲ್ಲದರ ಬೇರು ಅಲ್ಲಿದೆ.

ನಾಲ್ಕನೇ ಸಂಗತಿ. ವರ್ಷಗಟ್ಟಲೆ ಕಾದು ಪಡೆದ ವೀಸಾ.

ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದ ನೀತಿಯ ಸರ್ಕಾರ. ಅಲ್ಲಿನ ಟೂರ್ನಿಯಲ್ಲಿ ಆಡಬೇಕು ಅಂತ ಆ್ಯಶ್ ಅರ್ಜಿ ಹಾಕಿದರು. ವೀಸಾ ಕೊಡಲಿಲ್ಲ. ಸುಮ್ಮನಿರಲು ಕಲಿತಿದ್ದ ಹುಡುಗ ಈಗ ಸುಮ್ಮನಿರಲಿಲ್ಲ. ಆ ದೇಶವನ್ನ ಡೇವಿಸ್ ಕಪ್‌ನಿಂದ ಹೊರಹಾಕಿ ಅಂತ ಬಹಿರಂಗವಾಗಿ ಕೇಳಿದರು. 1970ರಲ್ಲಿ ದಕ್ಷಿಣ ಆಫ್ರಿಕಾ ಹೊರಬಿತ್ತು. ಮತ್ತೆ ಮತ್ತೆ ಅರ್ಜಿ ಹಾಕಿ, ಕೊನೆಗೆ 1973ರಲ್ಲಿ ವೀಸಾ ಸಿಕ್ಕಿತು. ಪ್ರೇಕ್ಷಕರನ್ನ ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದು ಅಂತ ಷರತ್ತು ಹಾಕಿಯೇ ಜೊಹಾನ್ಸ್‌ಬರ್ಗ್‌ಗೆ ಹೋದರು. ಸೊವೆಟೊಗೆ ಹೋಗಿ ಅಲ್ಲಿನ ಜನರನ್ನ ನೋಡಿದರು. ಸಿಂಗಲ್ಸ್ ಫೈನಲ್‌ನಲ್ಲಿ ಕಾನರ್ಸ್ ಎದುರು ಸೋತರು, ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ಜೊತೆಗಾರ ಯಾರು ಗೊತ್ತಾ? ಅದೇ ಟಾಮ್ ಒಕ್ಕರ್!

ಆದ್ರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರೂ ಚಪ್ಪಾಳೆ ಹೊಡೆಯಲಿಲ್ಲ. ನೀನು ಬಂದು ಆಡಿದ್ದರಿಂದ ಈ ಸರ್ಕಾರಕ್ಕೆ ಒಳ್ಳೇ ಹೆಸರು ಬಂತು, ನಮಗೇನು ಬಂತು ಅಂತ ಅಲ್ಲಿನ ಕೆಲವು ಕಪ್ಪು ಹೋರಾಟಗಾರರು ನೇರವಾಗಿ ಕೇಳಿದರು. ಆ ಪ್ರಶ್ನೆಯನ್ನ ಆ್ಯಶ್ ತಳ್ಳಿಹಾಕಲಿಲ್ಲ. ಹೋಗಿ ಮಾತಾಡಿದ್ರೆ ಬದಲಾವಣೆ ಬರುತ್ತೆ ಅಂತಿದ್ದವರು ಕ್ರಮೇಣ ಬಹಿಷ್ಕಾರದ ಕಡೆ ಬಂದರು. 1983ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಸೇರಿ, ದಕ್ಷಿಣ ಆಫ್ರಿಕಾಕ್ಕೆ ಹೋಗಬೇಡಿ ಅಂತ ಕಲಾವಿದರಿಗೂ ಕ್ರೀಡಾಪಟುಗಳಿಗೂ ಹೇಳುವ ಸಂಘಟನೆ ಕಟ್ಟಿದರು. 1985ರ ಜನವರಿಯಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಎದುರು ಪ್ರತಿಭಟನೆ ಮಾಡಿ ಬಂಧನಕ್ಕೊಳಗಾದರು. ಆಗ ಅವರು ಅಮೆರಿಕದ ಡೇವಿಸ್ ಕಪ್ ತಂಡದ ಕ್ಯಾಪ್ಟನ್. ಆ ಸ್ಥಾನದಲ್ಲಿ ಇದ್ದುಕೊಂಡೇ ಪೊಲೀಸ್ ವ್ಯಾನ್ ಹತ್ತಿದರು.

ಐದನೇ ಸಂಗತಿ. ಕೋರ್ಟಲ್ಲಿ ಎದುರಾಳಿ, ಕೋರ್ಟ್ ಕೇಸಲ್ಲೂ ಎದುರಾಳಿ.

1975ರ ವಿಂಬಲ್ಡನ್ ಫೈನಲ್. ಕಾನರ್ಸ್‌ಗೆ 22 ವರ್ಷ, ಹಿಂದಿನ ವರ್ಷದ ಚಾಂಪಿಯನ್. ಆ್ಯಶ್‌ಗೆ ಇನ್ನೈದು ದಿನ ಕಳೆದ್ರೆ 32. ಆ್ಯಶ್ ಗೆಲ್ಲುತ್ತಾರೆ ಅಂದುಕೊಂಡವರು ತೀರಾ ಕಡಿಮೆ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಆ ಹೊತ್ತಿಗೆ ಕಾನರ್ಸ್ ಆ್ಯಶ್ ಮೇಲೆ 50 ಲಕ್ಷ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿದ್ದರು. ಕಾನರ್ಸ್ ಡೇವಿಸ್ ಕಪ್‌ನಲ್ಲಿ ದೇಶಕ್ಕೆ ಆಡುತ್ತಿಲ್ಲ ಅಂತ ಆ್ಯಶ್ ಟೀಕೆ ಮಾಡಿದ್ದೇ ಅದಕ್ಕೆ ಕಾರಣ.

ಆ್ಯಶ್ ಉತ್ತರ ಕೊಟ್ಟಿದ್ದು ಬಟ್ಟೆಯಲ್ಲಿ. ಎದೆ ಮೇಲೆ ‘ಯುಎಸ್ಎ’ ಅಂತ ಬರೆದಿದ್ದ ಡೇವಿಸ್ ಕಪ್ ಜಾಕೆಟ್ ಹಾಕಿಕೊಂಡು ಸೆಂಟರ್ ಕೋರ್ಟ್‌ಗೆ ಬಂದರು. ಆಟದಲ್ಲೂ ಅಷ್ಟೇ. ಆ್ಯಶ್ ಜೋರಾಗಿ ಹೊಡೆಯೋ ಆಟಗಾರ. ಆದ್ರೆ ಎದುರಾಳಿಯ ವೇಗವನ್ನೇ ಬಳಸಿಕೊಂಡು ತಿರುಗಿ ಹೊಡೆಯೋದು ಕಾನರ್ಸ್‌ನ ಶಕ್ತಿ. ಹಾಗಾದ್ರೆ ವೇಗವನ್ನೇ ಕೊಡೋದು ಬೇಡ ಅಂತ ಸ್ನೇಹಿತರ ಜೊತೆ ಕೂತು ಯೋಜನೆ ಹಾಕಿದರು. ಮೆತ್ತಗಿನ, ಕೆಳಗೆ ಜಾರುವ ಸ್ಲೈಸ್‌ಗಳು, ತಲೆ ಮೇಲೆ ಹೋಗುವ ಲಾಬ್‌ಗಳು, ಕೋರ್ಟಿನ ಹೊರಕ್ಕೆ ಎಳೆಯುವ ಸರ್ವ್‌ಗಳು. ಸೈಡ್ ಬದಲಾಯಿಸುವಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತುಬಿಡ್ತಿದ್ದರು. 6-1, 6-1, 5-7, 6-4. ವಿಂಬಲ್ಡನ್ ಗೆದ್ದ ಮೊದಲ ಕಪ್ಪು ವರ್ಣೀಯ ಪುರುಷ. ಸ್ವಲ್ಪ ದಿನಕ್ಕೆ ಕಾನರ್ಸ್ ಕೇಸನ್ನೂ ವಾಪಸ್ ತೆಗೆದುಕೊಂಡರು.

ಆರನೇ ಸಂಗತಿ. ಒಂದು ಹುಡುಗ, ಒಂದು ಪುಸ್ತಕ.

1971ರಲ್ಲಿ ಆಫ್ರಿಕಾ ಪ್ರವಾಸದಲ್ಲಿ ಕ್ಯಾಮರೂನ್ ದೇಶಕ್ಕೆ ಹೋಗಿದ್ದಾಗ 11 ವರ್ಷದ ಒಬ್ಬ ಹುಡುಗನ ಆಟ ನೋಡಿದರು. ಫ್ರಾನ್ಸ್‌ನ ಟೆನಿಸ್ ಮುಖ್ಯಸ್ಥರಿಗೆ ಹೇಳಿ ಅವನಿಗೆ ಅಲ್ಲಿ ತರಬೇತಿ ಸಿಗುವ ಹಾಗೆ ಮಾಡಿದರು. ಆ ಹುಡುಗನೇ ಯಾನಿಕ್ ನೋವಾ. 1983ರಲ್ಲಿ ಫ್ರೆಂಚ್ ಓಪನ್ ಗೆದ್ದವರು. ಅವರಾದ ಮೇಲೆ ಫ್ರಾನ್ಸ್‌ನ ಯಾವ ಪುರುಷ ಆಟಗಾರನೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದಿಲ್ಲ.

ಇನ್ನು ಪುಸ್ತಕದ ವಿಷಯ. ಒಂದು ಕಾಲೇಜಿನಲ್ಲಿ ಕಪ್ಪು ಕ್ರೀಡಾಪಟುಗಳ ಬಗ್ಗೆ ಪಾಠ ಮಾಡಲು ಹೋದಾಗ, ಅವರ ಚರಿತ್ರೆಯನ್ನ ಪೂರ್ತಿಯಾಗಿ ಹೇಳೋ ಒಂದು ಪುಸ್ತಕವೂ ಸಿಗಲಿಲ್ಲ. ಸರಿ, ನಾನೇ ಬರೀತೀನಿ ಅಂತ ಹೊರಟರು. ಸಂಶೋಧಕರನ್ನ ಇಟ್ಟುಕೊಂಡು, ವರ್ಷಗಟ್ಟಲೆ ಕೂತು, ಸುಮಾರು 3 ಲಕ್ಷ ಡಾಲರ್ ಕೈಯಿಂದ ಖರ್ಚು ಮಾಡಿ, 1988ರಲ್ಲಿ ‘ಎ ಹಾರ್ಡ್ ರೋಡ್ ಟು ಗ್ಲೋರಿ’ ಅನ್ನೋ ಮೂರು ಸಂಪುಟ ಹೊರತಂದರು. ಲಾಭ ನಷ್ಟದ ಲೆಕ್ಕ ಗೊತ್ತಿದ್ದ ಮನುಷ್ಯ, ಆದ್ರೆ ಈ ಖರ್ಚನ್ನ ನಷ್ಟದ ಕಾಲಂಗೆ ಹಾಕಲಿಲ್ಲ.

ಈಗ ಏಳನೇ ಸಂಗತಿ.

1979ರ ಜುಲೈನಲ್ಲಿ, ಇನ್ನೂ ಆಡುತ್ತಿದ್ದಾಗಲೇ, 36ನೇ ವಯಸ್ಸಿಗೆ ಆ್ಯಶ್‌ಗೆ ಹೃದಯಾಘಾತವಾಯಿತು. ಡಿಸೆಂಬರ್‌ನಲ್ಲಿ ಬೈಪಾಸ್ ಆಯ್ತು. ಮರುವರ್ಷ ಆಟಕ್ಕೆ ವಿದಾಯ ಹೇಳಿದರು. 1983ರಲ್ಲಿ ಎರಡನೇ ಬೈಪಾಸ್. ಆಗ ರಕ್ತ ಕೊಟ್ಟರು. ದಾನಿಗಳ ರಕ್ತದಲ್ಲಿ ಎಚ್ಐವಿ ಇದೆಯಾ ಅಂತ ಪರೀಕ್ಷೆ ಮಾಡುವ ವ್ಯವಸ್ಥೆ ಅಮೆರಿಕದಲ್ಲಿ ಬಂದಿದ್ದು 1985ರಲ್ಲಿ. ಎರಡು ವರ್ಷದ ಅಂತರ, ಅಷ್ಟೇ. 1988ರಲ್ಲಿ ಇದ್ದಕ್ಕಿದ್ದಂತೆ ಬಲಗೈ ಸ್ವಾಧೀನ ತಪ್ಪಿತು. ಮೆದುಳಿನ ಶಸ್ತ್ರಚಿಕಿತ್ಸೆ ಆಯ್ತು. ಪರೀಕ್ಷೆ ಮಾಡಿದಾಗ ಏಡ್ಸ್ ಅಂತ ಗೊತ್ತಾಯ್ತು.

ಆ ಕಾಲ ಹೇಗಿತ್ತು ನೆನಪು ಮಾಡ್ಕೊಳ್ಳಿ. ಏಡ್ಸ್ ಅಂದ್ರೆ ಮುಟ್ಟಲು ಹೆದರುತ್ತಿದ್ದ ಕಾಲ. ಇವತ್ತಿನ ಹಾಗೆ ಔಷಧಿ ತಗೊಂಡು ದಶಕಗಟ್ಟಲೆ ಬದುಕುವ ದಾರಿ ಆಗ ಇರಲಿಲ್ಲ. ಆ್ಯಶ್ ಮತ್ತು ಛಾಯಾಗ್ರಾಹಕಿಯಾಗಿದ್ದ ಅವರ ಹೆಂಡತಿ ಜೀನ್ ಅವರಿಗೆ ಪುಟ್ಟ ಮಗಳಿದ್ದಳು. ದತ್ತು ತಗೊಂಡ ಆ ಮಗುವಿಗೆ ಇಟ್ಟ ಹೆಸರು ಕ್ಯಾಮೆರಾ. ಅಮ್ಮನ ವೃತ್ತಿಯ ನೆನಪಿಗೆ. ಆ ಮಗು ಶಾಲೆಗೆ ಹೋಗಬೇಕು, ಬೇರೆ ಮಕ್ಕಳ ಜೊತೆ ಆಡಬೇಕು. ಹಾಗಾಗಿ ಸುದ್ದಿಯನ್ನ ಮನೆಯೊಳಗೆ, ಹತ್ತಿರದವರಲ್ಲಿ ಮಾತ್ರ ಇಟ್ಟುಕೊಂಡರು. ಸ್ನೇಹಿತರು, ವಿಷಯ ಗೊತ್ತಿದ್ದ ಕೆಲವು ಪತ್ರಕರ್ತರು ಕೂಡ ಮೂರೂವರೆ ವರ್ಷ ಬಾಯಿ ಬಿಡಲಿಲ್ಲ. ಈ ನಡುವೆಯೇ, 1991ರಲ್ಲಿ, ಆ್ಯಶ್ ಒಂದು ನಿಯೋಗದ ಜೊತೆ ದಕ್ಷಿಣ ಆಫ್ರಿಕಾಕ್ಕೆ ಮತ್ತೆ ಹೋಗಿ ಬಂದರು. ಮಂಡೇಲಾ ಆಗ ಜೈಲಿನಿಂದ ಹೊರಗಿದ್ದರು.

1992ರ ಏಪ್ರಿಲ್‌ನಲ್ಲಿ ‘ಯುಎಸ್ಎ ಟುಡೇ’ ಪತ್ರಿಕೆಗೆ ಸುಳಿವು ಸಿಕ್ಕಿತು. ಅವರ ವರದಿಗಾರ ಆ್ಯಶ್ ಅವರನ್ನೇ ನೇರವಾಗಿ ಕೇಳಿದರು. ಆ್ಯಶ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆದ್ರೆ ಇನ್ನು ಮುಚ್ಚಿಡೋಕಾಗಲ್ಲ ಅಂತ ಗೊತ್ತಾಯ್ತು. ಮರುದಿನ, ಏಪ್ರಿಲ್ 8ರಂದು, ನ್ಯೂಯಾರ್ಕ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ತಾವೇ ಹೇಳಿದರು. ಬರೆದುಕೊಂಡು ಬಂದಿದ್ದನ್ನ ಓದುತ್ತಾ ಓದುತ್ತಾ ಮಗಳ ಹೆಸರು ಬಂದ ಕಡೆ ಗಂಟಲು ಕಟ್ಟಿತು. ಮುಂದಕ್ಕೆ ಓದಲು ಆಗಲಿಲ್ಲ. ಪಕ್ಕದಲ್ಲಿದ್ದ ಜೀನ್ ಆ ಸಾಲುಗಳನ್ನ ಓದಿದರು. ಕ್ಯಾಮೆರಾಗೆ ಆಗ ಐದು ವರ್ಷ.

ದೊಡ್ಡ ಚರ್ಚೆ ನಡೆಯಿತು. ಅವರು ಸಾರ್ವಜನಿಕ ವ್ಯಕ್ತಿ, ಇದು ಸುದ್ದಿ, ಕೇಳೋದು ನಮ್ಮ ಕೆಲಸ ಅಂತ ಪತ್ರಿಕೆಯ ವಾದ. ಹೃದಯಾಘಾತ ಆದ್ರೆ ಬರೀತೀವಿ, ಕ್ಯಾನ್ಸರ್ ಆದ್ರೆ ಬರೀತೀವಿ, ಏಡ್ಸ್ ಆದ್ರೆ ಯಾಕೆ ಬರೀಬಾರದು ಅನ್ನೋ ತರ್ಕ. ಸುಲಭವಾಗಿ ತಳ್ಳಿಹಾಕುವ ತರ್ಕ ಅಲ್ಲ ಅದು. ಆ್ಯಶ್ ಕಡೆಯ ವಾದ ಇನ್ನೂ ಸರಳ. ನಾನು ಯಾವ ಚುನಾವಣೆಗೂ ನಿಂತಿಲ್ಲ, ಯಾರ ದುಡ್ಡನ್ನೂ ನಿಭಾಯಿಸ್ತಿಲ್ಲ. ನನ್ನ ಕಾಯಿಲೆ ತಿಳಿದು ಜನರಿಗೆ ಆಗಬೇಕಾದ್ದೇನು? ನೂರಾರು ಓದುಗರು ಪತ್ರಿಕೆಯನ್ನ ಖಂಡಿಸಿದರು.

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ. ‘ನಿಮಗೆ ಗೊತ್ತಿಲ್ಲದ ಸಂಗತಿಗಳು’ ಅನ್ನೋದು ನಮ್ಮಂಥ ಪಾಡ್‌ಕಾಸ್ಟರ್‌ಗಳಿಗೆ ಅನ್ನದ ಬಟ್ಟಲು. ಆ ಹೆಸರು ಹಾಕಿದ್ರೆ ಜನ ಕ್ಲಿಕ್ ಮಾಡ್ತಾರೆ. ಆದ್ರೆ ಗೊತ್ತಿಲ್ಲದ ಸಂಗತಿಗಳಲ್ಲಿ ಎರಡು ಥರ ಇದೆ. ಯಾರೂ ಗಮನ ಕೊಡದೆ ಮರೆತುಹೋಗಿದ್ದು ಒಂದು. ಒಬ್ಬ ಮನುಷ್ಯ ಬಾಗಿಲು ಹಾಕಿ ಒಳಗೆ ಇಟ್ಟುಕೊಂಡಿದ್ದು ಇನ್ನೊಂದು. 280 ಡಾಲರ್ ಕಥೆ ಮೊದಲನೇದು, ಎಷ್ಟು ಸಲ ಬೇಕಾದ್ರೂ ಹೇಳೋಣ. 1992ರ ಏಪ್ರಿಲ್‌ವರೆಗೆ ಆ ಕಾಯಿಲೆ ಎರಡನೇದು. ಅದನ್ನ ನಾನು ಇವತ್ತು ಹೇಳ್ತಿರೋದು ಯಾಕಂದ್ರೆ, ಆಮೇಲೆ ಆ್ಯಶ್ ತಮ್ಮ ಆತ್ಮಕಥನ ‘ಡೇಸ್ ಆಫ್ ಗ್ರೇಸ್’ನಲ್ಲಿ ಅದನ್ನ ತಾವೇ ಬರೆದಿಟ್ಟರು. ಬರೆದು ಮುಗಿಸಿದ್ದು ಸಾಯುವ ಕೆಲವೇ ದಿನ ಮೊದಲು. ಎಷ್ಟು ದೊಡ್ಡ ಹೆಸರಿದ್ದರೂ, ಅವರ ಮನೆಯೊಳಗಿನ ನೋವಿನ ಮೇಲೆ ನಮಗೆ ಹಕ್ಕಿಲ್ಲ ಅಂತಲೇ ನನ್ನ ನಂಬಿಕೆ.

ಬಾಯಿ ಯಾವಾಗ ತೆಗೀಬೇಕು ಅಂತ ಜೀವಮಾನವಿಡೀ ತಾವೇ ನಿರ್ಧರಿಸಿದ ಮನುಷ್ಯ. ಆ ಒಂದು ಸಲ ಮಾತ್ರ ನಿರ್ಧಾರ ಬೇರೆಯವರದ್ದಾಯ್ತು. ಆದ್ರೆ ಮಾತು ಹೊರಬಿದ್ದ ಮೇಲೆ ಅದನ್ನ ಏನು ಮಾಡಬೇಕು ಅನ್ನೋದು ಮತ್ತೆ ಅವರ ಕೈಗೆ ಬಂತು. ಉಳಿದಿದ್ದು ಹತ್ತೇ ತಿಂಗಳು. ಆ ಹತ್ತು ತಿಂಗಳಲ್ಲಿ ಏನೇನು ಮಾಡಿದರು ಕೇಳಿ.

ಏಡ್ಸ್ ವಿರುದ್ಧ ಹೋರಾಡಲು ಪ್ರತಿಷ್ಠಾನ ಶುರು ಮಾಡಿದರು. ಸಂಗ್ರಹಿಸಬೇಕು ಅಂತ ಇಟ್ಟುಕೊಂಡ ಗುರಿ 50 ಲಕ್ಷ ಡಾಲರ್. ಹಿಂದೆ ಕಾನರ್ಸ್ ಕೇಸ್ ಹಾಕಿದ್ದ ಮೊತ್ತವೂ ಅಷ್ಟೇ ಇತ್ತು, ಕಾಕತಾಳೀಯ. ಸೆಪ್ಟೆಂಬರ್ 9ರಂದು ಶ್ವೇತಭವನದ ಎದುರು ಹೈಟಿ ದೇಶದ ನಿರಾಶ್ರಿತರ ಪರವಾಗಿ ನಿಂತು ಮತ್ತೆ ಬಂಧನಕ್ಕೊಳಗಾದರು. 1968ರಲ್ಲಿ ಯುಎಸ್ ಓಪನ್ ಗೆದ್ದಿದ್ದೂ ಸೆಪ್ಟೆಂಬರ್ 9ರಂದೇ. ಸರಿಯಾಗಿ 24 ವರ್ಷ. ಡಿಸೆಂಬರ್ 1ರಂದು, ವಿಶ್ವ ಏಡ್ಸ್ ದಿನ, ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಅದೇ ತಿಂಗಳು ನಗರದ ಬಡವರ ಆರೋಗ್ಯಕ್ಕಾಗಿ ಇನ್ನೊಂದು ಸಂಸ್ಥೆ ಕಟ್ಟಿದರು. ಏಡ್ಸ್ ನಿಮ್ಮ ಬದುಕಿನ ಅತಿ ದೊಡ್ಡ ಹೊರೆಯಾ ಅನ್ನೋ ಪ್ರಶ್ನೆ ಬಂದಾಗ ಅವರು ಇಲ್ಲ ಅಂದರು. ಕಪ್ಪು ಮನುಷ್ಯನಾಗಿ ಬದುಕಿದ್ದೇ ಅದಕ್ಕಿಂತ ಭಾರ ಅನ್ನೋದು ಅವರ ಉತ್ತರದ ಸಾರ. 1993ರ ಫೆಬ್ರವರಿ 6ರಂದು ತೀರಿಕೊಂಡರು. ವಯಸ್ಸು 49.

ಅವರ ಊರು ರಿಚ್ಮಂಡ್‌ನಲ್ಲಿ ಮಾನ್ಯುಮೆಂಟ್ ಅವೆನ್ಯೂ ಅಂತ ಒಂದು ದೊಡ್ಡ ರಸ್ತೆ ಇದೆ. ಗುಲಾಮಗಿರಿಯ ಪರವಾಗಿ ಅಂತರ್ಯುದ್ಧ ಮಾಡಿದ ನಾಯಕರ ಪ್ರತಿಮೆಗಳು ಸಾಲಾಗಿ ನಿಂತಿದ್ದ ರಸ್ತೆ. ಅದೇ ರಸ್ತೆಯಲ್ಲಿ 1996ರ ಜುಲೈ 10ರಂದು, ಅವರ ಹುಟ್ಟುಹಬ್ಬದ ದಿನ, ಆ್ಯಶ್ ಪ್ರತಿಮೆ ನಿಂತಿತು. ಸುತ್ತ ಮಕ್ಕಳು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ರ‍್ಯಾಕೆಟ್. ಪುಸ್ತಕದ ಕೈ ಮೇಲೆ, ರ‍್ಯಾಕೆಟ್ ಕೆಳಗೆ. 2020 ಮತ್ತು 2021ರಲ್ಲಿ ಆ ನಾಯಕರ ಪ್ರತಿಮೆಗಳನ್ನೆಲ್ಲ ತೆಗೆದುಹಾಕಿದರು. ಆ ಸಾಲಿನಲ್ಲಿ ಈಗ ಉಳಿದಿರೋದು ಇದೊಂದೇ.

ನಮ್ಮ ಕಡೆಯ ಒಂದು ಕೊಂಡಿಯನ್ನೂ ಹೇಳಿಬಿಡ್ತೀನಿ. ಆ್ಯಶ್ ಕಟ್ಟಿದ ಎಟಿಪಿ, ಅವರ ಹೆಸರಲ್ಲಿ ಪ್ರತಿ ವರ್ಷ ಮಾನವೀಯ ಕೆಲಸಕ್ಕೆ ಒಂದು ಪ್ರಶಸ್ತಿ ಕೊಡುತ್ತೆ. 2010ರಲ್ಲಿ ಅದು ಬಂದಿದ್ದು ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೋಡಿಗೆ. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಅಂತ ಹೇಳಿಕೊಂಡು ಒಟ್ಟಿಗೆ ಆಡಿದ ಜೋಡಿ ಅದು. ಅದೇ ವರ್ಷ ಇಬ್ಬರೂ ಯುಎಸ್ ಓಪನ್ ಡಬಲ್ಸ್ ಫೈನಲ್ ಆಡಿದ್ದರು. ಎಲ್ಲಿ ಅಂತ ಕೇಳಬೇಕಾ? ಆರ್ಥರ್ ಆ್ಯಶ್ ಸ್ಟೇಡಿಯಂನಲ್ಲಿ.

ಇವತ್ತಿನ ಎಪಿಸೋಡ್ ಇಷ್ಟೇ. ಮುಂದಿನ ವಾರ ಇನ್ನೊಬ್ಬರ ಕಥೆ ಜೊತೆ ಬರ್ತೀನಿ.